ಆರೈಕೆ ಮಾಡುವವರ ಬಳಲಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಸ್ಪತ್ರೆಗಳಲ್ಲಿ ದುಡಿಯುವವರ ಮನಸ್ಸಿನ ಆಯಾಸದ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿ, ಬರೆದವರ ಗುರುತು ಸಿಗುವ ವಿವರಗಳನ್ನು ತೆಗೆದು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ತೀವ್ರ ನಿಗಾ ಘಟಕದಲ್ಲಿ ಹನ್ನೊಂದು ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಮೊದಲೆಲ್ಲ ರೋಗಿಯೊಬ್ಬರು ತೀರಿಕೊಂಡರೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅತ್ತು ಬರುತ್ತಿದ್ದೆ. ಈಗ ಹಾಸಿಗೆ ಖಾಲಿಯಾಯಿತು, ಮುಂದೆ ಯಾರು ಬರುತ್ತಾರೆ ಎಂಬ ಯೋಚನೆ ಮಾತ್ರ ಬರುತ್ತದೆ. ನಾನು ಕಲ್ಲಾಗಿಬಿಟ್ಟೆನೇ? ಮನೋಸ್ಥೈರ್ಯ ಬೆಳೆಸಿಕೊಳ್ಳುವ ಶಿಬಿರಕ್ಕೆ ಹೋಗಬೇಕೆಂದು ಆಡಳಿತದವರು ಸೂಚಿಸಿದ್ದಾರೆ. ಅದು ನಡೆಯುವುದು ನನ್ನ ವಾರದ ರಜೆಯ ದಿನ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ದಣಿದವರಿಗೆ ಇರುವ ಒಂದೇ ವಿಶ್ರಾಂತಿಯ ದಿನವನ್ನು ತೆಗೆದುಕೊಂಡು, ದಣಿವನ್ನು ತಾಳಿಕೊಳ್ಳುವುದು ಹೇಗೆಂದು ಕಲಿಸಲು ಹೊರಟಿರುವ ಸಂಸ್ಥೆಯು ತೊಂದರೆ ಇರುವುದು ನಿಮ್ಮಲ್ಲಿ, ತನ್ನಲ್ಲಲ್ಲ ಎಂದು ಆಗಲೇ ತೀರ್ಮಾನಿಸಿಬಿಟ್ಟಿದೆ.

ನೀವು ವಿವರಿಸಿರುವ ಸ್ಥಿತಿ ವೈದ್ಯಲೋಕಕ್ಕೆ ಹೊಸದಲ್ಲ. 1974ರಲ್ಲಿ ನ್ಯೂಯಾರ್ಕ್‌ನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಉಚಿತ ಚಿಕಿತ್ಸಾಲಯವೊಂದರಲ್ಲಿ ಹುಮ್ಮಸ್ಸಿನಿಂದ ಕೆಲಸಕ್ಕೆ ಸೇರಿದ ಸ್ವಯಂಸೇವಕರು ಸುಮಾರು ಒಂದು ವರ್ಷದಲ್ಲೇ ಬತ್ತಿಹೋಗುವುದನ್ನು ಗಮನಿಸಿ ಅದನ್ನು 'ಬರ್ನ್‌ಔಟ್' ಎಂದು ಕರೆದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದಾಗ ಅದರ ಮೂರು ಮುಖಗಳನ್ನು ಗುರುತಿಸಿದರು: ಭಾವನೆಗಳು ಬರಿದಾಗುವುದು, ಎದುರಿಗಿರುವವರು ಮನುಷ್ಯರೆನ್ನುವುದಕ್ಕಿಂತ ಒಂದು ಕೇಸ್ ಎಂದು ಕಾಣತೊಡಗುವುದು, ಮತ್ತು ತಾನು ಮಾಡುತ್ತಿರುವುದರಿಂದ ಏನೂ ಪ್ರಯೋಜನವಿಲ್ಲ ಎನಿಸುವುದು. ನಿಮ್ಮನ್ನು ಹೆದರಿಸಿರುವುದು ಇವುಗಳಲ್ಲಿ ಎರಡನೆಯದು. ದಿನವೂ ಸಾವನ್ನು ಹತ್ತಿರದಿಂದ ನೋಡುವ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಹಾಕಿಕೊಂಡ ಪರದೆ ಅದು. ಕಲ್ಲಾಗಿದ್ದರೆ ನೀವು ಈ ಪತ್ರ ಬರೆಯುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಬರ್ನ್‌ಔಟ್ ಅನ್ನು ಸೇರಿಸಿದಾಗ, ಅದನ್ನು ರೋಗವೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆಯಿತು. ಸರಿಯಾಗಿ ನಿಭಾಯಿಸದೆ ಉಳಿದುಹೋದ, ಕೆಲಸದ ಸ್ಥಳದ ದೀರ್ಘಕಾಲದ ಒತ್ತಡದ ಫಲ ಎಂಬುದು ಅದರ ವಿವರಣೆ. ಆ ಒತ್ತಡ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅಂಕಿಗಳೂ ಇವೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ ಆಕೆ ಬರ್ನ್‌ಔಟ್‌ಗೆ ಒಳಗಾಗುವ ಸಂಭವ ಶೇಕಡಾ 23ರಷ್ಟೂ, ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟೂ ಏರುತ್ತಿತ್ತು. ನಿಮ್ಮ ಬಳಲಿಕೆಯೂ ನಿಮ್ಮ ರೋಗಿಗಳ ಸುರಕ್ಷತೆಯೂ ಒಂದೇ ಪಾಳಿಪಟ್ಟಿಯ ಮೇಲೆ ನಿಂತಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವಂತೂ 2004ರಿಂದ ಒಬ್ಬ ಶುಶ್ರೂಷಕಿಗೆ ಇಷ್ಟೇ ರೋಗಿಗಳು ಎಂದು ಕಾನೂನಿನ ಮೂಲಕ ಮಿತಿ ಹಾಕಿದೆ. ತೀವ್ರ ನಿಗಾ ಘಟಕದಲ್ಲಿ ಆ ಮಿತಿ ಇಬ್ಬರು.

ಹಾಗಾದರೆ ನೀವು ಮಾಡಬಹುದಾದುದೇನು? ಒಂದು ತಿಂಗಳು, ಪ್ರತಿ ಪಾಳಿಯಲ್ಲಿ ನಿಮ್ಮ ಪಾಲಿಗೆ ಬಂದ ರೋಗಿಗಳೆಷ್ಟು, ಊಟದ ಬಿಡುವು ಸಿಕ್ಕಿತೇ, ಪಾಳಿ ಮುಗಿದ ಮೇಲೆ ಎಷ್ಟು ಹೊತ್ತು ಉಳಿಯಬೇಕಾಯಿತು ಎಂಬುದನ್ನು ಬರೆದಿಡಿ, ಸಹೋದ್ಯೋಗಿಗಳಿಗೂ ಬರೆದಿಡಲು ಹೇಳಿ. 'ತುಂಬಾ ದಣಿವಾಗುತ್ತದೆ' ಎಂಬ ಮಾತನ್ನು ಆಡಳಿತದವರು ತಳ್ಳಿಹಾಕಬಹುದು; ಹತ್ತು ಜನ ಸಹಿ ಮಾಡಿದ ಲೆಕ್ಕವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಧ್ಯಾನ, ಉಸಿರಾಟದ ಅಭ್ಯಾಸಗಳಿಂದ ಕೆಲವರಿಗೆ ಸ್ವಲ್ಪ ನೆಮ್ಮದಿ ಸಿಗುತ್ತದೆ, ಅವನ್ನು ನಾನು ಹೀಗಳೆಯುವುದಿಲ್ಲ. ಶಿಬಿರವು ಕೆಲಸದ ವೇಳೆಯಲ್ಲಿ ನಡೆಯಲಿ ಎಂದಷ್ಟೇ ಕೇಳಿ.

ಇನ್ನೊಂದು ಮಾತು ಮುಖ್ಯ. ಈ ಮರಗಟ್ಟುವಿಕೆ ವಾರ್ಡ್‌ನ ಬಾಗಿಲು ದಾಟಿ ಮನೆಗೂ ಬಂದಿದೆಯೇ ಎಂದು ನೋಡಿಕೊಳ್ಳಿ. ಮೊದಲು ಇಷ್ಟವಾಗುತ್ತಿದ್ದ ಯಾವುದೂ ರುಚಿಸದೆ, ನಿದ್ದೆ ಕೆಟ್ಟು, ರಜೆಯಲ್ಲಿಯೂ ಮನಸ್ಸು ಏಳದೆ ಎರಡು ವಾರ ಕಳೆದರೆ ಅದು ಬರ್ನ್‌ಔಟ್ ಅಷ್ಟೇ ಆಗಿರಲಾರದು, ಖಿನ್ನತೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಬದುಕು ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ ಅದೇ ದಿನ ವೈದ್ಯರಿಗೂ ಮನೆಯವರಿಗೂ ಹೇಳಿ.

ಪ್ರಶ್ನೆ: ನಾನು ತರಬೇತಿಯಲ್ಲಿರುವ ಕಿರಿಯ ವೈದ್ಯ. ಇಪ್ಪತ್ತಾರು ಗಂಟೆಗಳ ಡ್ಯೂಟಿಯ ಕೊನೆಯಲ್ಲಿ ಔಷಧದ ಡೋಸ್ ಬರೆಯುವಾಗ ದಶಮಾಂಶ ಬಿಂದುವನ್ನು ತಪ್ಪಾದ ಕಡೆ ಇಟ್ಟೆ. ಫಾರ್ಮಸಿಯವರು ಗಮನಿಸುವಷ್ಟರಲ್ಲಿ ಒಂದು ಡೋಸ್ ಕೊಟ್ಟಾಗಿತ್ತು. ರೋಗಿ ಮೂರು ದಿನ ಹೆಚ್ಚು ಉಳಿದು ಗುಣವಾಗಿ ಮನೆಗೆ ಹೋದರು. ನಾನು ಮಾತ್ರ ಈಗಲೂ ಪ್ರತಿ ಚೀಟಿಯನ್ನು ನಾಲ್ಕು ಸಲ ನೋಡುತ್ತೇನೆ, ರಾತ್ರಿ ಎಚ್ಚರವಾಗುತ್ತದೆ. 'ಎಲ್ಲರಿಗೂ ಆಗುತ್ತದೆ, ಮರೆತುಬಿಡು' ಎನ್ನುತ್ತಾರೆ ಹಿರಿಯರು.

ಉತ್ತರ: ಮರೆಯಬೇಡಿ. ಆದರೆ ಒಬ್ಬರೇ ಹೊತ್ತುಕೊಂಡೂ ತಿರುಗಬೇಡಿ.

ನಡೆದದ್ದನ್ನು ರೋಗಿಗೆ ಹೇಳಲಾಯಿತೇ ಎಂಬುದನ್ನು ನೀವು ಬರೆದಿಲ್ಲ. ಹೇಳಿರದಿದ್ದರೆ ನಿಮ್ಮ ಮೇಲಧಿಕಾರಿಯನ್ನು ಜೊತೆಗಿಟ್ಟುಕೊಂಡು ಹೇಳಿ, ಕ್ಷಮೆ ಕೇಳಿ. ನೋವು ಮೊದಲು ತಟ್ಟಿದ್ದು ಅವರಿಗೆ ಎಂಬುದನ್ನು ಬದಿಗಿಟ್ಟು ನಿಮ್ಮ ಮನಸ್ಸಿನ ಗಾಯದ ಮಾತನ್ನು ಆಡುವುದು ಸರಿಯಾಗದು. ವೈದ್ಯ ಆಲ್ಬರ್ಟ್ ವು 2000ದಲ್ಲಿ ಬರೆದ ಲೇಖನದಲ್ಲಿ, ತಪ್ಪು ಮಾಡಿದ ವೈದ್ಯನನ್ನು ಆ ಘಟನೆಯ 'ಎರಡನೆಯ ಬಲಿಪಶು' ಎಂದು ಕರೆದರು. ಚಿಕಿತ್ಸೆಯ ತಪ್ಪಿನಿಂದ ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಆ ಪದಕ್ಕೆ ಆಕ್ಷೇಪ ಎತ್ತಿವೆ. ಅವರ ಆಕ್ಷೇಪ ನ್ಯಾಯವೇ. ಪದ ಯಾವುದಾದರೂ ಇರಲಿ, ನೀವು ಹೇಳುವ ನಿದ್ದೆಗೇಡು, ಪದೇ ಪದೇ ಪರಿಶೀಲಿಸುವ ಚಟ, ಕೆಲಸದ ಮೇಲಿನ ಭರವಸೆ ಕುಸಿಯುವುದು ಇವೆಲ್ಲ ಇಂಥ ಘಟನೆಗಳ ನಂತರ ಕಾಣುವ ಪರಿಚಿತ ಲಕ್ಷಣಗಳೇ.

ಇನ್ನು ಆ ಇಪ್ಪತ್ತಾರು ಗಂಟೆಗಳ ವಿಷಯ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 24 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಸುಮಾರು ಶೇಕಡಾ 0.10ರಷ್ಟು ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿದಿತ್ತು. ಕುಡಿದು ಬಂದ ವೈದ್ಯನನ್ನು ವಾರ್ಡ್‌ನೊಳಗೆ ಬಿಡದ ಆಸ್ಪತ್ರೆಗಳು ನಿದ್ದೆಗೆಟ್ಟ ವೈದ್ಯನ ಕೈಗೆ ಚೀಟಿ ಪುಸ್ತಕ ಕೊಡುತ್ತವೆ. ಬೋಸ್ಟನ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೀರ್ಘ ಪಾಳಿಗಳ ಹಳೆಯ ಪದ್ಧತಿಯಲ್ಲಿ ದುಡಿದ ತೀವ್ರ ನಿಗಾ ಘಟಕದ ಕಿರಿಯ ವೈದ್ಯರು, ಪಾಳಿಯ ಅವಧಿ ಕಡಿಮೆ ಮಾಡಿದಾಗಿನದಕ್ಕಿಂತ ಶೇಕಡಾ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯಲ್ಲಿ ಲಿಬ್ಬಿ ಝಯಾನ್ ಎಂಬ 18 ವರ್ಷದ ವಿದ್ಯಾರ್ಥಿನಿ ಸತ್ತಾಗ, ಆಕೆಯ ತಂದೆ ಕಿರಿಯ ವೈದ್ಯರ ದುಡಿಮೆಯ ಅವಧಿಯನ್ನೇ ಪ್ರಶ್ನಿಸಿ ಹೋರಾಡಿದರು. 1989ರಲ್ಲಿ ಆ ರಾಜ್ಯವು ವಾರಕ್ಕೆ 80 ಗಂಟೆಗಳ ಮಿತಿ ತಂದಿತು. ಇದನ್ನು ನಿಮ್ಮ ತಪ್ಪಿಗೆ ನೆಪವಾಗಲಿ ಎಂದು ಹೇಳುತ್ತಿಲ್ಲ. ಘಟನೆಯ ವರದಿ ಬರೆಯುವಾಗ ಡೋಸ್‌ನ ಜೊತೆಗೆ ಆ ಹೊತ್ತಿಗೆ ಎಷ್ಟು ಗಂಟೆಗಳಿಂದ ಎಚ್ಚರವಿದ್ದಿರಿ ಎಂಬುದನ್ನೂ ಬರೆಯಿರಿ, ಇಲ್ಲದಿದ್ದರೆ ಮುಂದಿನ ವರ್ಷ ಅದೇ ಗಂಟೆಯಲ್ಲಿ ಇನ್ನೊಬ್ಬ ಕಿರಿಯ ವೈದ್ಯ ಅದೇ ಬಿಂದುವನ್ನು ತಪ್ಪು ಕಡೆ ಇಡುತ್ತಾನೆ.

ನಾನು ಕಿರಿಯನಾಗಿದ್ದಾಗ ಇಂಥದೇ ಒಂದು ರಾತ್ರಿಯ ನಂತರ ಹಿರಿಯ ಶುಶ್ರೂಷಕಿಯೊಬ್ಬರು ಪಕ್ಕದಲ್ಲಿ ಕುಳಿತು, 'ಮೊದಲಿನಿಂದ ಹೇಳಿ' ಎಂದರು. ನಡುವೆ ಒಂದು ಮಾತೂ ಆಡಲಿಲ್ಲ. ಹಾಗೆ ಕೇಳುವವರು ನಿಮ್ಮ ವಿಭಾಗದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ, ಹುಡುಕಿಕೊಳ್ಳಿ. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಕಡ್ಡಾಯವಾಗಿ ಹೇಳಿಸುವ ಕ್ರಮ ಇದಲ್ಲ. ಅದರಿಂದ ಆಘಾತದ ಪರಿಣಾಮ ತಗ್ಗುವುದಿಲ್ಲ ಎಂದು ಅಧ್ಯಯನಗಳು ಕಂಡುಕೊಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡವೆಂದಿದೆ.

ಪ್ರಶ್ನೆ: ನನ್ನ ಪತಿ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದರೆ ಮಾತೇ ಇಲ್ಲ. ಏನಾಯಿತೆಂದು ಕೇಳಿದರೆ ಸಿಡುಕುತ್ತಾರೆ. ಮಕ್ಕಳೂ ಈಗ ಅವರನ್ನು ದೂರದಿಂದಲೇ ನೋಡುತ್ತಾರೆ.

ಉತ್ತರ: ಬಾಗಿಲಲ್ಲೇ ಕೇಳಬೇಡಿ. ಅರ್ಧ ಗಂಟೆ ಬಿಡಿ; ಆಮೇಲೂ 'ಏನಾಯಿತು' ಎನ್ನುವುದಕ್ಕಿಂತ 'ಈಗ ಮಲಗುತ್ತೀರಾ, ಸ್ವಲ್ಪ ಹೊತ್ತು ಕೂರುತ್ತೀರಾ' ಎನ್ನುವುದು ಒಳ್ಳೆಯದು. ಅವರ ಮೌನಕ್ಕೆ ಸದಾ ಸಾವೇ ಕಾರಣ ಎಂದುಕೊಳ್ಳಬೇಡಿ. ಮಾಡಬೇಕಾದುದೇನೆಂದು ಗೊತ್ತಿದ್ದೂ ಹಾಸಿಗೆ ಇಲ್ಲ, ಔಷಧ ಇಲ್ಲ, ಮೇಲಿನವರ ಅನುಮತಿ ಇಲ್ಲ ಎಂಬ ಕಾರಣಕ್ಕೆ ಮಾಡಲಾಗದೆ ಹೋದಾಗ ಉಳಿಯುವ ಕಸಿವಿಸಿಯನ್ನು ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ 'ನೈತಿಕ ಸಂಕಟ' ಎಂದು ಹೆಸರಿಸಿದರು. ಅದನ್ನು ಮನೆಯಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ಹೇಳುವಾಗ ಅದು ತನ್ನದೇ ಸೋಲಿನ ಹಾಗೆ ಕೇಳಿಸುತ್ತದೆ. ಮಕ್ಕಳಿಗೆ 'ಅಪ್ಪನಿಗೆ ಸಿಟ್ಟು ನಿಮ್ಮ ಮೇಲಲ್ಲ' ಎಂದು ನೀವು ಒಮ್ಮೆ, ಅವರು ಒಮ್ಮೆ ಹೇಳಿದರೆ ಬಹಳಷ್ಟು ಸರಿಹೋಗುತ್ತದೆ. ರಾತ್ರಿ ಪಾಳಿಯ ನಂತರ ಅವರೇ ವಾಹನ ಓಡಿಸಿಕೊಂಡು ಬರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ದೀರ್ಘ ಪಾಳಿ ಮುಗಿಸಿ ಮನೆಗೆ ಹೊರಟ ಕಿರಿಯ ವೈದ್ಯರು ಅಪಘಾತಕ್ಕೆ ಸಿಲುಕುವ ಸಂಭವ ಎರಡು ಪಟ್ಟಿಗಿಂತ ಹೆಚ್ಚೆಂದು 2005ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತ್ತು.

ಪ್ರಶ್ನೆ: ನಾನು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ. ಯಾರ ಮನೆಗೆ ಹೋಗುತ್ತೇನೋ ಅವರ ನಡುವೆಯೇ ನನ್ನ ಮನೆಯೂ ಇದೆ. ಸಾಂಕ್ರಾಮಿಕದ ದಿನಗಳಲ್ಲಿ ನಾನೇ ರೋಗ ತರುತ್ತೇನೆಂದು ನೆರೆಯವರು ಮಾತು ಬಿಟ್ಟರು. ಈಗ ಮತ್ತೆ ನಡುರಾತ್ರಿಯೂ ಬಾಗಿಲು ಬಡಿಯುತ್ತಾರೆ. ನನಗೆ ನಿಗದಿತ ಸಂಬಳವಿಲ್ಲ, ಮಾಡಿದ ಕೆಲಸದ ಎಣಿಕೆಗೆ ಪ್ರೋತ್ಸಾಹಧನ ಅಷ್ಟೇ.

ಉತ್ತರ: ಆಸ್ಪತ್ರೆಯಲ್ಲಿರುವವರಿಗೆ ಪಾಳಿ ಮುಗಿದ ಮೇಲೆ ಹೊರಡಲು ಒಂದು ಬಾಗಿಲಾದರೂ ಇರುತ್ತದೆ. ನಿಮಗೆ ಅದೂ ಇಲ್ಲ, ಮತ್ತು ಮನೋಸ್ಥೈರ್ಯದ ಕುರಿತು ಬರೆಯುವವರು ನಿಮ್ಮಂಥವರನ್ನು ಕೊನೆಗೆ ನೆನೆಯುತ್ತಾರೆ. ನಾನೂ ನಾಲ್ಕನೆಯ ಪತ್ರಕ್ಕೆ ಬಂದು ನೆನೆದಿದ್ದೇನೆ.

ಆರೈಕೆ ಮಾಡುವವರು ಕುಸಿದರೆ ಅವರ ಸುತ್ತಲಿನ ಜನರಿಗೆ ಏನಾಗುತ್ತದೆ ಎಂಬುದನ್ನು ಪಶ್ಚಿಮ ಆಫ್ರಿಕಾದ ಎಬೋಲಾ ತೋರಿಸಿತು. 2014–15ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಸೋಂಕು ತಗಲುವ ಸಂಭವ ಇತರ ವಯಸ್ಕರಿಗಿಂತ, ಕೆಲಸಕ್ಕೆ ತಕ್ಕಂತೆ, 21ರಿಂದ 32 ಪಟ್ಟು ಹೆಚ್ಚಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತು. ಲೈಬೀರಿಯಾ ತನ್ನ ವೈದ್ಯರು, ಶುಶ್ರೂಷಕಿಯರು, ಸೂಲಗಿತ್ತಿಯರಲ್ಲಿ ಸುಮಾರು ಶೇಕಡಾ 8ರಷ್ಟು ಜನರನ್ನು ಕಳೆದುಕೊಂಡಿತು. ಎಬೋಲಾ ಹೋದ ಮೇಲೆಯೂ ಹೆರಿಗೆಗೆ ಬರುವವರಿಗೆ ಕೈ ಹಿಡಿಯುವವರು ಇಲ್ಲವಾದರು. ನಿಮ್ಮ ನೆರೆಯವರು ನಿಮ್ಮನ್ನು ದೂರವಿಟ್ಟಾಗ ತಾವು ಕಳೆದುಕೊಳ್ಳಬಹುದಾಗಿದ್ದುದೇನು ಎಂಬುದು ಅವರಿಗೆ ಹೊಳೆದಿರಲಿಲ್ಲ. ಅದನ್ನು ಹೇಳಬೇಕಾದವರು ನೀವಲ್ಲ. ಜನರು ಮಾತು ಕೇಳುವ ಹಿರಿಯರು, ಶಿಕ್ಷಕರು, ನಿಮ್ಮ ಮೇಲ್ವಿಚಾರಕರು ನಿಮ್ಮ ಪಕ್ಕದಲ್ಲಿ ನಿಂತು ಬಹಿರಂಗವಾಗಿ ಹೇಳಬೇಕು. ಹಾಗೆ ನಿಲ್ಲುವಂತೆ ಕೇಳುವುದು ನಿಮ್ಮ ಹಕ್ಕು.

ಹಣದ ಪ್ರಶ್ನೆಯನ್ನು ಸಂಕೋಚವಿಲ್ಲದೆ ಎತ್ತಿ. ಸಮುದಾಯ ಆರೋಗ್ಯ ಕಾರ್ಯಕರ್ತರ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರತಂದ ಮಾರ್ಗಸೂಚಿಯು, ಕೆಲಸದ ಹೊರೆ, ತರಬೇತಿ, ಗಂಟೆಗಳಿಗೆ ತಕ್ಕ ಸಂಭಾವನೆ ಕೊಡಬೇಕೆಂದೂ, ಪೂರ್ತಿಯಾಗಿ ಅಥವಾ ಬಹುಪಾಲು ಎಣಿಕೆಯ ಪ್ರೋತ್ಸಾಹಧನವನ್ನೇ ನೆಚ್ಚಬಾರದೆಂದೂ ಹೇಳುತ್ತದೆ. ಎಣಿಕೆಗೆ ಸಿಗುವ ಕೆಲಸಕ್ಕೆ ಹಣ ಬಂದು, ಅಳುವವರ ಬಳಿ ಕುಳಿತ ಗಂಟೆಗೆ ಏನೂ ಬಾರದಿದ್ದರೆ, ವ್ಯವಸ್ಥೆಯು ಯಾವುದಕ್ಕೆ ಬೆಲೆ ಕಟ್ಟಿದೆ ಎಂಬುದು ನಿಮಗೂ ತಿಳಿಯುತ್ತದೆ, ಜನರಿಗೂ ತಿಳಿಯುತ್ತದೆ. ನಡುರಾತ್ರಿಯ ಬಾಗಿಲಿನ ವಿಷಯ: ಯಾವುದು ತುರ್ತು, ಯಾವುದಕ್ಕೆ ಬೆಳಗಿನವರೆಗೆ ಕಾಯಬಹುದು ಎಂಬ ನಾಲ್ಕು ಸಾಲನ್ನು ಬಾಗಿಲ ಮೇಲೆ ಅಂಟಿಸಿ. ತುರ್ತಿನ ರಾತ್ರಿಗಳನ್ನು ಪಕ್ಕದ ಪ್ರದೇಶದ ಕಾರ್ಯಕರ್ತೆಯೊಂದಿಗೆ ಹಂಚಿಕೊಳ್ಳಿ.

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಆಡಳಿತಾಧಿಕಾರಿ. ಸಿಬ್ಬಂದಿಗಾಗಿ ಉಚಿತ ಆಪ್ತಸಮಾಲೋಚಕರನ್ನು ನೇಮಿಸಿದೆವು. ಆರು ತಿಂಗಳಲ್ಲಿ ಬಂದವರು ಮೂವರು. ನಮ್ಮವರಿಗೆ ಇದರ ಅಗತ್ಯವೇ ಇಲ್ಲವೇ?

ಉತ್ತರ: ಸಮಾಲೋಚಕರ ಕೋಣೆ ಎಲ್ಲಿದೆ? ಆಡಳಿತ ಕಚೇರಿಯ ಮಗ್ಗುಲಲ್ಲಿದ್ದರೆ, ವರದಿ ನಿಮ್ಮ ಮೇಜಿಗೆ ಬರುವಂತಿದ್ದರೆ, ಮೂವರು ಬಂದದ್ದೇ ಹೆಚ್ಚು. ನ್ಯೂಯಾರ್ಕ್‌ನ ತುರ್ತು ಚಿಕಿತ್ಸಾ ವೈದ್ಯೆ ಲೋರ್ನಾ ಬ್ರೀನ್ 2020ರ ಏಪ್ರಿಲ್‌ನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ಮೇಲೆ, ಮಾನಸಿಕ ಚಿಕಿತ್ಸೆ ಪಡೆದರೆ ವೃತ್ತಿಯ ಪರವಾನಗಿ ಹೋದೀತೆಂಬ ಭಯ ಆಕೆಗಿತ್ತೆಂದು ಕುಟುಂಬದವರು ಹೇಳಿದರು; ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ನೆರವಾಗಲೆಂದು ಆಕೆಯ ಹೆಸರಿನ ಕಾನೂನು 2022ರಲ್ಲಿ ಜಾರಿಗೆ ಬಂದಿತು. ನಿಮ್ಮ ಅರ್ಜಿ ನಮೂನೆಗಳಲ್ಲಿ 'ಹಿಂದೆ ಮಾನಸಿಕ ಚಿಕಿತ್ಸೆ ಪಡೆದಿದ್ದೀರಾ' ಎಂಬ ಸಾಲಿದ್ದರೆ ತೆಗೆಸಿ. ಸಮಾಲೋಚಕರನ್ನು ಆಸ್ಪತ್ರೆಯ ಹೊರಗೆ ಕೂರಿಸಿ, ಯಾರು ಬಂದರೆಂದು ಕೇಳದಿರಿ, ರಾತ್ರಿ ಪಾಳಿಯವರಿಗೆ ಹೊಂದುವ ವೇಳೆ ಇಡಿ. 1997ರಲ್ಲಿ ಬೋಸ್ಟನ್‌ನಲ್ಲಿ ಆರಂಭವಾದ 'ಶ್ವಾರ್ಟ್ಸ್ ರೌಂಡ್ಸ್' ಎಂಬ ಕ್ರಮದಲ್ಲಿ ವೈದ್ಯರಿಂದ ಹಿಡಿದು ಸಹಾಯಕ ಸಿಬ್ಬಂದಿಯವರೆಗೆ ಎಲ್ಲರೂ ಒಟ್ಟಿಗೆ ಕುಳಿತು, ಚಿಕಿತ್ಸೆಯ ತಾಂತ್ರಿಕ ಚರ್ಚೆ ಬಿಟ್ಟು, ರೋಗಿಯೊಬ್ಬರ ಆರೈಕೆ ತಮಗೆ ಹೇಗೆನಿಸಿತು ಎಂಬುದನ್ನು ಮಾತ್ರ ಹೇಳಿಕೊಳ್ಳುತ್ತಾರೆ. ಯಾರನ್ನೂ ಮಾತಾಡೆಂದು ಒತ್ತಾಯಿಸುವುದಿಲ್ಲ. ತಿಂಗಳಿಗೊಮ್ಮೆ ಅದನ್ನು ನಡೆಸಿ ನೋಡಬಹುದು. ಆ ಒಂದು ಗಂಟೆ ಪಾಳಿಯೊಳಗೇ ಇರಲಿ, ಅಷ್ಟು ಹೊತ್ತು ವಾರ್ಡ್ ನೋಡಿಕೊಳ್ಳುವವರ ಹೆಸರನ್ನು ಮೊದಲೇ ಪಾಳಿಪಟ್ಟಿಯಲ್ಲಿ ಬರೆದಿಡಿ.