ಹತ್ತಿರದ ದಾರಿ ಸಾಕಾ?

ಪ್ರಶ್ನೆ: ಸರ್, ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಸೈನ್ಯದ ಕಾಗ್ನಿಟಿವ್ ರೇಡಿಯೋ ನೆಟ್‌ವರ್ಕ್‌ನಲ್ಲಿ ಡೇಟಾಗೆ ದಾರಿ ಹುಡುಕುವುದು ನಮ್ಮ ಪ್ರಾಜೆಕ್ಟ್. ಬೇಕಾದಾಗ ದಾರಿ ಹುಡುಕುವ ಎಒಡಿವಿ ಪ್ರೋಟೋಕಾಲ್ ಹಾಕಿದರೆ ಕಡಿಮೆ ಹಾಪ್‌ನ (ಒಂದು ಸೆಟ್‌ನಿಂದ ಮುಂದಿನ ಸೆಟ್‌ಗೆ ಒಂದು ಜಿಗಿತ ಅಂದರೆ ಒಂದು ಹಾಪ್) ದಾರಿ ಸಿಗುತ್ತದೆ, ಅಷ್ಟು ಸಾಕು ಅಂತಾರೆ ಗೆಳೆಯರು. ಹೌದಾ?
ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಸಾಕಾಗಲ್ಲ ತಂಗಿ. ಎಒಡಿವಿ ಕೆಟ್ಟದ್ದೇನಲ್ಲ. 2003ರಲ್ಲಿ ಆರ್‌ಎಫ್‌ಸಿ 3561 ಅನ್ನೋ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬಂತು, ಇವತ್ತಿಗೂ ಪ್ರಾಜೆಕ್ಟ್‌ಗಳಲ್ಲಿ ಓಡುತ್ತಿದೆ. ಆದರೆ ಅದಕ್ಕೆ ಹಾಪ್ ಎಣಿಸುವುದು ಗೊತ್ತು, ಚಾನೆಲ್ ಯಾವಾಗ ಕೈಕೊಡುತ್ತದೆ ಅನ್ನೋದು ಗೊತ್ತಿಲ್ಲ. ಕಾಗ್ನಿಟಿವ್ ರೇಡಿಯೋ ಖಾಲಿ ಇರುವ ಚಾನೆಲ್ ನೋಡಿ ಕೂರುತ್ತದೆ, ಅದರ ಹಕ್ಕುದಾರ ಬಂದರೆ ಎದ್ದು ಹೋಗಬೇಕು. ಸೈನ್ಯದಲ್ಲಿ ಇದರ ಮೇಲೆ ಸಿಗ್ನಲ್ ಕೆಡಿಸುವ ಶತ್ರುವಿನ ಜಾಮರ್ ಬೇರೆ.

ಎರಡು ಹಾಪ್‌ನ ದಾರಿಯ ನಡುವಿನ ರೇಡಿಯೋ ಸೆಟ್, ಅದೇ ಚಾನೆಲ್‌ನ ಹಕ್ಕುದಾರನಾದ ಒಂದು ರಾಡಾರ್ ಪಕ್ಕದಲ್ಲಿದೆ ಅಂದುಕೊಳ್ಳಿ. ರಾಡಾರ್ ಆನ್ ಆದ ಕೂಡಲೇ ಆ ಚಾನೆಲ್ ಹೋಯಿತು, ದಾರಿ ಕಡಿಯಿತು. ಕಳಿಸಿದವನಿಗೆ ಎರರ್ ಸಂದೇಶ ಹೋಗುತ್ತದೆ, ಅವನು ಮತ್ತೆ ದಾರಿ ಕೇಳಿ ಎಲ್ಲರಿಗೂ ರಿಕ್ವೆಸ್ಟ್ ಹರಡುತ್ತಾನೆ, ಕೇಳಿದವರೆಲ್ಲ ಅದನ್ನೇ ಮುಂದಕ್ಕೆ ಕೂಗುತ್ತಾರೆ. ಬ್ಯಾಂಡ್‌ವಿಡ್ತ್ ಹಾಳಾಗುವುದು ಒಂದು ಕಡೆ. ಅದಕ್ಕಿಂತ ಕೆಟ್ಟದ್ದೆಂದರೆ, ಸೆಟ್ ಬಾಯಿ ಬಿಟ್ಟಷ್ಟೂ ಶತ್ರುವಿನ ಡೈರೆಕ್ಷನ್ ಫೈಂಡರ್‌ಗೆ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಇದು ಬರೀ ತಡ, ಸೈನ್ಯದಲ್ಲಿ ಜೀವದ ಪ್ರಶ್ನೆ. ಹಾಗಾಗಿ ನಾಲ್ಕು ಹಾಪ್ ಆದರೂ ಚಾನೆಲ್ ಜಾಸ್ತಿ ಹೊತ್ತು ಖಾಲಿ ಉಳಿಯುವ ದಾರಿಯೇ ನನಗೆ ವಾಸಿ.

ಒಂದು ಮಾತು, ಸುಮ್ನೆ ಹೆಸರಿಗೆ ಮಷೀನ್ ಲರ್ನಿಂಗ್ ತುರುಕಬೇಡಿ. ನೆಟ್‌ವರ್ಕ್ ಸಿಮ್ಯುಲೇಟರ್ ಆದ ಎನ್‌ಎಸ್-3ರಲ್ಲಿ ಎಒಡಿವಿ ಸಿಗುತ್ತದೆ. ಅದರಲ್ಲಿ ಹಾಪ್ ಎಣಿಕೆಯ ಜಾಗದಲ್ಲಿ ಪ್ರತಿ ಲಿಂಕ್‌ಗೂ ಒಂದು ಬೆಲೆ ಕೊಡಿ: ಚಾನೆಲ್ ಎಷ್ಟು ಹೊತ್ತು ಖಾಲಿ ಇರಬಹುದು, ಚಾನೆಲ್ ಬದಲಿಸಲು ಎಷ್ಟು ಸಮಯ ಹೋಗುತ್ತದೆ, ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಾಡಾರ್ ಆನ್-ಆಫ್ ಆಗುವ ಭಾಗವನ್ನು ನೀವೇ ಬರೆಯಿರಿ. ಆಮೇಲೆ ತಲುಪಿದ ಪ್ಯಾಕೆಟ್ ಎಷ್ಟು ಅಂತ ಮಾತ್ರ ನೋಡದೆ, ದಾರಿ ಹುಡುಕಲು ಎಷ್ಟು ಕಂಟ್ರೋಲ್ ಪ್ಯಾಕೆಟ್ ಖರ್ಚಾಯಿತು ಅಂತಲೂ ಎಣಿಸಿ. ಬಹಳ ಜನ ಇದನ್ನೇ ಬಿಡುತ್ತಾರೆ. ಎಲ್ಲ ಕಂಟ್ರೋಲ್ ಸಂದೇಶವನ್ನೂ ಒಂದೇ ಚಾನೆಲ್‌ಗೆ ಕಟ್ಟಿಹಾಕಲೂ ಬೇಡಿ, ಅದೊಂದನ್ನು ಜಾಮ್ ಮಾಡಿದರೆ ಇಡೀ ನೆಟ್‌ವರ್ಕ್ ಮೂಕ.

ಪ್ರಶ್ನೆ: ಈ ಕಾಗ್ನಿಟಿವ್ ರೇಡಿಯೋ ಎಲ್ಲ ಬರೀ ಪೇಪರ್ ಮೇಲಿದೆಯಾ ಸರ್?
ಓದುಗರು, ವಿಜಯಪುರ

ಉತ್ತರ: ಇಲ್ಲ ರೀ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದವರು ಎಕ್ಸ್‌ಜಿ ಯೋಜನೆಯಲ್ಲಿ 2006ರಲ್ಲೇ ವರ್ಜೀನಿಯಾದ ಬಯಲಲ್ಲಿ, ಬೇರೆಯವರ ಸಿಗ್ನಲ್ ಕಂಡರೆ ಚಾನೆಲ್ ಬಿಟ್ಟುಕೊಡುವ ಸೆಟ್‌ಗಳನ್ನು ಓಡಿಸಿ ತೋರಿಸಿದ್ದಾರೆ. ನಾಗರಿಕರ ಕಡೆ, ಟಿವಿಯ ಖಾಲಿ ಚಾನೆಲ್ ಬಳಸುವ ಐಇಇಇ 802.22 ಅನ್ನೋ ಸ್ಟ್ಯಾಂಡರ್ಡ್ ಕೂಡ 2011ರಲ್ಲಿ ಬಂತು.