ಹಸಿರಾಗುವ ನೀರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಿಟಕಿ ಪಕ್ಕ ಎರಡಡಿಯ ಮೀನಿನ ತೊಟ್ಟಿ ಇದೆ, ಆರು ಗೋಲ್ಡ್‌ಫಿಶ್. ಪ್ರತಿ ಭಾನುವಾರ ಪೂರ್ತಿ ನೀರು ಚೆಲ್ಲಿ ನಳದ ನೀರು ತುಂಬುತ್ತೇವೆ. ಗುರುವಾರಕ್ಕೆ ಮತ್ತೆ ಹಚ್ಚಹಸಿರು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. ಏನು ಮಾಡಲಿ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಪೂರ್ತಿ ನೀರು ಚೆಲ್ಲುವುದನ್ನು ನಿಲ್ಲಿಸಿ. ಆ ಹಸಿರು ಬಿಡಿ ಬಿಡಿಯಾಗಿ ತೇಲುವ ಸೂಕ್ಷ್ಮ ಪಾಚಿಯದು. ಹರಳುಗಳ ಸಂದಿಯಲ್ಲಿ ಚೂರು ಉಳಿದರೂ ಸಾಕು, ಬಿಸಿಲು ಬಿದ್ದು, ಮೀನಿನ ಮಲ, ತಿನ್ನದೆ ಉಳಿದ ಕಾಳು ಗೊಬ್ಬರವಾಗಿ ಸಿಕ್ಕರೆ ನಾಲ್ಕೇ ದಿನಕ್ಕೆ ಮೊದಲಿನಷ್ಟೇ ಆಗುತ್ತದೆ. ಮೇಲಾಗಿ ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಇಲ್ಲವಾಗಿಸುವ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ನಳದ ನೀರಿನ ಕ್ಲೋರಿನ್ ಕೊಲ್ಲುತ್ತದೆ.

ಬಾಯಿ ಬಡಿಯುವುದಕ್ಕೂ ಕಾರಣ ಆ ಪಾಚಿಯೇ. ಹಗಲು ಆಮ್ಲಜನಕ ಕೊಡುವ ಪಾಚಿ, ರಾತ್ರಿ ಮೀನಿನ ಜೊತೆ ತಾನೂ ಅದನ್ನೇ ಉಸಿರಾಡುತ್ತದೆ. ನಸುಕಿಗೆ ನೀರಲ್ಲಿ ಆಮ್ಲಜನಕ ತೀರ ಕಡಿಮೆ. ಏರ್ ಪಂಪ್ ರಾತ್ರಿಯಿಡೀ ಓಡಲಿ.

ಈಗ ಮೂರರಲ್ಲಿ ಒಂದು ಪಾಲು ನೀರು ಬದಲಿಸಿ, ಲೈಟ್ ಆರಿಸಿ, ದಪ್ಪ ಕಂಬಳಿಯಿಂದ ತೊಟ್ಟಿಯನ್ನು ನಾಲ್ಕು ದಿನ ಪೂರ್ತಿ ಮುಚ್ಚಿ. ಮೇಲ್ಗಡೆ ಗಾಳಿಯಾಡಲು ಸ್ವಲ್ಪ ಸಂದಿ ಇರಲಿ, ಪಂಪ್ ನಿಲ್ಲಿಸಬೇಡಿ, ಕಾಳು ಹಾಕಬೇಡಿ. ಆರೋಗ್ಯವಂತ ಗೋಲ್ಡ್‌ಫಿಶ್ ನಾಲ್ಕು ದಿನ ಉಪವಾಸ ತಡೆದುಕೊಳ್ಳುತ್ತದೆ. ಐದನೇ ದಿನ ಮತ್ತೆ ಮೂರರಲ್ಲಿ ಒಂದು ಪಾಲು ನೀರು ತೆಗೆಯಲೇಬೇಕು. ಸತ್ತ ಪಾಚಿ ಕೊಳೆತರೆ ಮೊದಲಿಗಿಂತ ಅಪಾಯ. ಫಿಲ್ಟರ್ ಸ್ಪಂಜನ್ನು ಆ ತೆಗೆದ ನೀರಲ್ಲೇ ಹಿಂಡಿ, ನಳದ ಕೆಳಗೆ ತೊಳೆಯಬೇಡಿ.

ಆಮೇಲೆ ತೊಟ್ಟಿ ಕಿಟಕಿ ಬಿಟ್ಟು ದೂರ ಇರಲಿ, ಲೈಟ್ ದಿನಕ್ಕೆ 6–7 ತಾಸು, ಕಾಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. 60×30×30 ಸೆಂಟಿಮೀಟರ್ ತೊಟ್ಟಿ ಅಂಚಿನವರೆಗೆ 54 ಲೀಟರ್. ವಾರಕ್ಕೆ 12 ಲೀಟರ್ ಬದಲಿಸಿದರೆ ಸಾಕು, ಅದೂ ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟ ನೀರು. ನೇರವಾಗಿ ಹೇಳುತ್ತೇವೆ, ಇಷ್ಟು ನೀರಿಗೆ ಆರು ಗೋಲ್ಡ್‌ಫಿಶ್ ವಿಪರೀತ ಹೆಚ್ಚು. ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

ಪ್ರಶ್ನೆ: ಊರ ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂತಿದೆ. ಎಮ್ಮೆಗಳಿಗೆ ಆ ನೀರು ಕುಡಿಸಬಹುದೇ? ಮೈಲುತುತ್ತ ಹಾಕಿದರೆ ಹೋಗುತ್ತದೆಯೇ?
– ಗದಗ ತಾಲ್ಲೂಕು

ಉತ್ತರ: ಒಂದು ಕೋಲು ಅದ್ದಿ ಎತ್ತಿ ನೋಡಿ. ಒದ್ದೆ ಕೂದಲಿನಂತೆ ಎಳೆ ಎಳೆಯಾಗಿ ಜೋತರೆ ಅದು ಸಾಮಾನ್ಯ ನೂಲು ಪಾಚಿ. ಪೇಂಟಿನಲ್ಲಿ ಅದ್ದಿದಂತೆ ಮೆತ್ತಿಕೊಂಡರೆ ನೀಲಿ-ಹಸಿರು ಪಾಚಿಯ ಗುಮಾನಿ. ಕೈಗವಸು ಹಾಕಿ ಬಾಟಲಿಯ ಮುಕ್ಕಾಲು ಭಾಗ ನೀರು ತುಂಬಿ, ರಾತ್ರಿ ಅಲುಗಾಡಿಸದೆ ಇಡಿ. ಬೆಳಗ್ಗೆ ಹಸಿರೆಲ್ಲ ಮೇಲೆ ಕೆನೆಗಟ್ಟಿದ್ದರೆ ಗುಮಾನಿ ಗಟ್ಟಿ. ಅದರ ಕೆಲವು ಜಾತಿಗಳು ಯಕೃತ್ತಿಗೆ ವಿಷ, ಕುದಿಸಿದರೂ ಆ ವಿಷ ಹೋಗದು. ದನಕರುಗಳನ್ನು ಬಿಡಬೇಡಿ, ಗಾಳಿ ಕೆನೆಯನ್ನು ತಂದು ಗುಡ್ಡೆ ಹಾಕುವ ದಂಡೆಗಂತೂ ಬೇಡವೇ ಬೇಡ. ಮೈಲುತುತ್ತ ಪಾಚಿಯ ಕೋಶ ಒಡೆದು ಒಳಗಿನ ವಿಷವನ್ನೆಲ್ಲ ಒಮ್ಮೆಲೇ ನೀರಿಗೆ ಬಿಡುತ್ತದೆ, ಮೀನೂ ಸಾಯುತ್ತವೆ. ಪಶುವೈದ್ಯರಿಗೆ ತಿಳಿಸಿ. ಕೆರೆಗೆ ಬಂದು ಸೇರುವ ಗಟಾರ, ಬಟ್ಟೆ ಒಗೆದ ಸೋಪಿನ ನೀರು, ಹೊಲದಿಂದ ಕೊಚ್ಚಿ ಬರುವ ಗೊಬ್ಬರ ಎಲ್ಲೆಲ್ಲಿಂದ ಎಂದು ಮಳೆಗಾಲಕ್ಕೆ ಮುಂಚೆಯೇ ದಂಡೆ ಸುತ್ತಿ ಗುರುತು ಹಾಕಿ, ಪಂಚಾಯಿತಿ ಮುಂದಿಡಿ.