ಚೆರಿ ರೇಟಿಗೆ ಪಾರ್ಚ್‌ಮೆಂಟ್ ಕೇಳೋ ಮಾವನಿಗೆ ಯಾವ ಕಾರು?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಕೆಲಸದಲ್ಲಿದೀನಿ. ನಮ್ಮ ಮಾವ ಮೂಡಿಗೆರೆ ಕಡೆಯೋರು, ಸಣ್ಣ ಕಾಫಿ ತೋಟ ಇದೆ. ಕಾಫಿ ದುಡ್ಡು ಕೈಗೆ ಬಂದಿದೆ, ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋಣ ಅಂತ ಹೊರಟಿದಾರೆ. ಬಜೆಟ್ ನಾಲ್ಕೂವರೆ ಲಕ್ಷ. ಕೇಳ್ತಿರೋದು ಮಾತ್ರ ಇನೋವಾ ಕ್ರಿಸ್ಟಾ, ಅದೂ 2019ರಿಂದ ಈಚೆಗಿನ ಮಾಡೆಲ್, 40 ಸಾವಿರ ಕಿ.ಮೀ. ದಾಟಿರ್ಬಾರ್ದು, ಒಬ್ಬರೇ ಓನರ್ ಆಗಿರ್ಬೇಕು, ಮೈಮೇಲೆ ಒಂದು ಗೀರೂ ಇರ್ಬಾರ್ದು. ನನಗೆ ಗಾಡಿ ಬಗ್ಗೆ ಸ್ವಲ್ಪ ಗೊತ್ತು ಅಂತ ಹುಡುಕೋ ಜವಾಬ್ದಾರಿ ನನ್ನ ಮೇಲೆ ಹಾಕಿದಾರೆ. ನಾಲ್ಕು ತಿಂಗಳಲ್ಲಿ 11 ಕಾರು ತೋರಿಸಿದೆ, ಒಂದೂ ಆಗ್ಲಿಲ್ಲ. "ಪಕ್ಕದ ತೋಟದೋರಿಗೆ ಸಿಕ್ತಲ್ಲ ಅಳಿಯಂದ್ರೇ, ನಮಗ್ಯಾಕೆ ಸಿಗಲ್ಲ" ಅಂತಾರೆ. ಈಗ ಇದೇ ವಿಷಯಕ್ಕೆ ನಮ್ಮನೆಯವ್ರಿಗೂ ನನಗೂ ಮಾತಿಗೆ ಮಾತು ಬೆಳೀತಿದೆ. ಏನ್ ಮಾಡ್ಲಿ?
(ಹೆಸರು ಬೇಡ, ಹಾಸನ)

ಉತ್ತರ: ಮೊದ್ಲು ಹನ್ನೆರಡನೇ ಕಾರು ಹುಡುಕೋದನ್ನ ನಿಲ್ಸಿ. ನೀವು ಒಂದೊಂದು ಕಾರು ತೋರಿಸ್ದಾಗ್ಲೂ ಮಾವನಿಗೆ ಅನ್ಸೋದು "ಇವ್ರು ಇನ್ನೂ ಸ್ವಲ್ಪ ಹುಡುಕಿದ್ರೆ ಸಿಗುತ್ತೆ" ಅಂತಾನೇ, ಅಂದ್ರೆ ನೀವು ಕಷ್ಟಪಟ್ಟಷ್ಟೂ ಅವರ ಆಸೆ ಗಟ್ಟಿಯಾಗ್ತಿದೆ.

ಅವ್ರ ಜೊತೆ ಅವ್ರ ಲೆಕ್ಕದಲ್ಲೇ ಮಾತಾಡಿ. ಕಾಫಿ ಮಾರೋವಾಗ ವ್ಯಾಪಾರಿ ತೇವಾಂಶ ನೋಡ್ತಾನೆ, ಓಟಿ (ಇಷ್ಟು ಕಾಫೀಲಿ ಎಷ್ಟು ಬೇಳೆ ಸಿಗುತ್ತೆ ಅನ್ನೋ ಲೆಕ್ಕ) ತೆಗೀತಾನೆ, ಆಮೇಲೆ ರೇಟು ಹೇಳ್ತಾನೆ. ಯಾರಾದ್ರೂ ಮನೆ ಅಂಗಳಕ್ಕೆ ಬಂದು ಚೆರಿ (ಹಣ್ಣನ್ನ ಸಿಪ್ಪೆ ಸಮೇತ ಹಾಗೇ ಒಣಗಿಸಿದ ಕಾಫಿ) ರೇಟಿಗೆ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು) ಕೊಡಿ ಅಂದ್ರೆ ಮಾವ ಏನಂತಾರೆ? ಪಲ್ಪಿಂಗ್ ಮಾಡಿ, ತೊಳೆದು, ಮಳೆ ಬಂದಾಗ ಓಡೋಡಿ ಮುಚ್ಚಿ ಒಣಗಿಸಿದ ಕಷ್ಟ ಅವ್ರಿಗೆ ಗೊತ್ತು. ಕಡಿಮೆ ಓಡಿರೋ, ಒಬ್ಬರೇ ಓನರ್ ಚೆನ್ನಾಗಿ ನೋಡ್ಕೊಂಡಿರೋ ಕ್ರಿಸ್ಟಾ ಕೂಡ ಪಾರ್ಚ್‌ಮೆಂಟೇ, ಅದನ್ನ ಇಟ್ಕೊಂಡಿರೋನಿಗೂ ಅದರ ಬೆಲೆ ಗೊತ್ತಿರುತ್ತೆ. ಇನ್ಶೂರೆನ್ಸ್ ಕಂಪನಿಗಳು ಗಾಡಿಗೆ ಬೆಲೆ ಕಟ್ಟೋ ಪಟ್ಟೀಲಿ ನಾಲ್ಕರಿಂದ ಐದು ವರ್ಷದ ಗಾಡಿಗೆ 50% ಕಳೀತಾರೆ. ಹೊಸದಕ್ಕೆ 15 ಲಕ್ಷ ಅಂತ ಕಡಿಮೇನೇ ಹಿಡಿದ್ರೂ ಅರ್ಧ ಅಂದ್ರೆ ಏಳೂವರೆ ಆಯ್ತು, ಇನ್ನು ಇನೋವಾಗೆ ಮಾರ್ಕೆಟ್ಟಲ್ಲಿ ಅದಕ್ಕಿಂತ ಜಾಸ್ತಿನೇ ಕೇಳ್ತಾರೆ. ಈ ಲೆಕ್ಕ ನೀವು ಬಾಯಲ್ಲಿ ಹೇಳ್ಬೇಡಿ, ಪೇಪರ್ ಪೆನ್ನು ಮಾವನ ಕೈಗೇ ಕೊಡಿ.

ಪಕ್ಕದ ತೋಟದೋರ ಕಾರಿನ ಕಥೆ ಪೂರ್ತಿ ಕೇಳಿದೀರಾ? ಮಾವನ್ನೇ ಕರ್ಕೊಂಡು ಒಂದಿನ ಸಂಜೆ ಅವ್ರ ಮನೆಗೆ ಕಾಫಿಗೆ ಹೋಗಿ. ಯಾವ ವರ್ಷ ತಗೊಂಡ್ರಿ, ಯಾವ ಮಾಡೆಲ್, ಆರ್‌ಸಿಲಿ ಎಷ್ಟನೇ ಓನರ್ ಅಂತಿದೆ, ತಂದ್ಮೇಲೆ ಗ್ಯಾರೇಜಿಗೆ ಎಷ್ಟು ಸುರಿದ್ರಿ ಅಂತ ಜಗಲೀಲಿ ಕೂತು ನಿಧಾನಕ್ಕೆ ಕೇಳಿ. ಊರಲ್ಲಿ ಕೊಂಡ ರೇಟು ಮಾತ್ರ ಓಡಾಡುತ್ತೆ, ಆಮೇಲೆ ಕ್ಲಚ್ಚಿಗೆ ಟೈರಿಗೆ ಹಾಕಿದ ದುಡ್ಡನ್ನ ಯಾರೂ ಹೇಳ್ಕೊಳ್ಳಲ್ಲ. ಎಷ್ಟೋ ಸಲ ಆ ಗಾಡಿ ಸಂಬಂಧಿಕರ ಕೈಯಿಂದ ಬಂದಿರುತ್ತೆ, ಅಂಥ ರೇಟು ಹೊರಗೆ ಸಿಗಲ್ಲ.

ಇಲ್ಲೊಂದು ನನ್ನದೇ ವಿಷಯ ಹೇಳ್ಬೇಕು. ಚಿಕ್ಕಮಗಳೂರಲ್ಲಿರೋ ನಮ್ಮ ಚಿಕ್ಕಪ್ಪನೂ ಹೀಗೇ ನನ್ನನ್ನ ಕರ್ಕೊಂಡು ಅಲೀತಿದ್ರು. ನಾನು ಪ್ರತಿ ಗಾಡಿ ಮುಂದೆ ನಿಂತು "ಈ ರೇಟಿಗೆ ನೀವು ಹೇಳಿದ್ದು ಸಿಗಲ್ಲ ಚಿಕ್ಕಪ್ಪ" ಅಂತಾನೇ ಹೇಳ್ತಾ ಹೋದೆ, ಹೇಳಿದ್ದು ಸರಿಯೇ ಇತ್ತು, ಆದ್ರೆ ಅವ್ರಿಗೆ ಬೇಜಾರಾಗಿ ಕೊನೆಗೆ ನನ್ನನ್ನ ಕರೆಯೋದನ್ನೇ ಬಿಟ್ರು. ಒಬ್ಬರೇ ಬೆಂಗಳೂರಿಗೆ ಹೋಗಿ ಮೀಟರಲ್ಲಿ 42 ಸಾವಿರ ತೋರಿಸ್ತಿದ್ದ ಕಾರು ತಂದ್ರು, ಅವ್ರು ಹೇಳಿದ ರೇಟಿಗೇ. ಎರಡು ತಿಂಗಳಾದ್ಮೇಲೆ ಸರ್ವಿಸ್ ದಾಖಲೆ ತೆಗೆಸಿ ನೋಡಿದ್ರೆ ಒಂದು ಲಕ್ಷ ಮೂವತ್ತು ಸಾವಿರ ದಾಟಿತ್ತು. ಮಾರಿದೋನು ಫೋನೇ ಎತ್ತಲಿಲ್ಲ. ಚಿಕ್ಕಪ್ಪನ ಆ ಮುಖ ನನಗೆ ಇವತ್ತಿಗೂ ಕಣ್ಮುಂದೆ ಇದೆ. ಬರೀ ಬೇಡ ಅನ್ನೋ ಬದಲು ಯಾವುದು ಆಗುತ್ತೆ ಅಂತ ನಾನು ಒಂದೇ ಒಂದು ತೋರಿಸಿದ್ರೂ ಅವ್ರು ಒಬ್ಬರೇ ಹೋಗ್ತಿರ್ಲಿಲ್ಲ. ಇಲ್ಲ ಅಂತ ಹೇಳೋದು ಹೇಗೆ ಅಂತ ತಲೆ ಕೆಡಿಸ್ಕೋಬೇಡಿ ಅಂತ ನಾನು ಹೇಳ್ತಿರೋದು ಇದಕ್ಕೇ. ನಿಮ್ಮ ಮಾವನ ಆಸೆನ ಹುಡುಕ್ತಾ ಕೂತಿರೋ ಜನ ಇದಾರೆ, ಮೀಟರ್ ಹಿಂದಕ್ಕೆ ತಿರುಗಿಸಿ ಅವ್ರು ಕೇಳಿದ್ದನ್ನೇ ತಂದು ನಿಲ್ಲಿಸ್ತಾರೆ.

ಈಗ ಆಗೋದು ಯಾವ್ದು ನೋಡೋಣ. ವರ್ಷದಲ್ಲಿ ಏಳು ಜನ ಒಟ್ಟಿಗೆ ಹೋಗೋದು ಎಷ್ಟು ದಿನ? ಧರ್ಮಸ್ಥಳ, ಹೊರನಾಡು, ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದಾಗ ಒಂದ್ಸಲ, ಅಷ್ಟೇ ತಾನೇ? ಆ ದಿನಗಳಿಗೆ ಬಾಡಿಗೆ ಗಾಡಿ ಸಾಕು. ಉಳಿದ ದಿನ ಮಾವ, ಅತ್ತೆ, ಜೊತೆಗೊಂದು ಗೊಬ್ಬರದ ಚೀಲ. ಹಂಗಿದ್ರೆ ತೋಟದ ಮಣ್ಣು ರಸ್ತೇಲಿ ಅಡಿ ತಾಗದಂಥ, ಸರ್ವಿಸ್ ಹತ್ತಿರದಲ್ಲೇ ಸಿಗೋ ಪೆಟ್ರೋಲ್ ಗಾಡಿ ಸಾಕಾಗುತ್ತೆ. ನಾಲ್ಕೂವರೇಲಿ 50 ಸಾವಿರ ಪಕ್ಕಕ್ಕಿಟ್ಟು ನಾಲ್ಕಕ್ಕೆ ಹುಡುಕಿ, ಯಾಕಂದ್ರೆ ಟೈರು, ಬ್ಯಾಟರಿ, ಇನ್ಶೂರೆನ್ಸು, ಹೆಸರು ವರ್ಗಾವಣೆ ಅಂತ ಮೊದಲ ತಿಂಗಳೇ ಖರ್ಚು ಬಂದೇ ಬರುತ್ತೆ. ಆ ದುಡ್ಡಿಗೆ ವ್ಯಾಗನ್‌ಆರ್, ಸ್ವಿಫ್ಟ್ ಥರದ್ದು ಒಳ್ಳೆ ಸ್ಥಿತೀಲಿ ಸಿಗುತ್ತೆ. ಇಲ್ಲ, ನನಗೆ ಇನೋವಾನೇ ಆಗ್ಬೇಕು ಅಂದ್ರೆ ಹಳೇ ಇನೋವಾ ನೋಡ್ಲಿ, ಅದೂ ತಪ್ಪಲ್ಲ, ಆದ್ರೆ ಎರಡು ಲಕ್ಷ ಕಿ.ಮೀ. ದಾಟಿರುತ್ತೆ, 15 ವರ್ಷಕ್ಕೆ ಆರ್‌ಸಿ ಮುಗಿದು ಎಫ್‌ಸಿ ಮಾಡಿಸಿ ರಿನ್ಯೂವಲ್ ಮಾಡಿಸ್ಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಗಾಡಿ ದೊಡ್ಡದಿರ್ಬೇಕಾ, ವರ್ಷ ಹೊಸದಿರ್ಬೇಕಾ, ಕಡಿಮೆ ಓಡಿರ್ಬೇಕಾ, ರೇಟು ನಾಲ್ಕೂವರೆ ಒಳಗಿರ್ಬೇಕಾ, ಇದ್ರಲ್ಲಿ ಎರಡು ಆರಿಸ್ಕೊಳ್ಳಿ ಮಾವ ಅಂತ ಕೇಳಿ.

ಒಂದೇ ಭಾನುವಾರ ಮೂರು ಗಾಡಿ ನೋಡೋಕೆ ಹೋಗಿ, ಮೂರೂ ಅವ್ರ ಬಜೆಟ್ಟಿಂದೇ ಇರ್ಲಿ. ನಿಮ್ಮನೆಯವ್ರೂ ಬರ್ಲಿ, ಅಪ್ಪ ಏನು ಕೇಳ್ತಾರೆ, ಎದುರಿಗಿರೋನು ಏನ್ ಹೇಳ್ತಾನೆ ಅಂತ ಕಿವಿಯಾರೆ ಕೇಳಿಸ್ಕೊಂಡ್ರೆ ಮನೇಲಿ ಅರ್ಧ ಜಗಳ ಇಳಿಯುತ್ತೆ. ರೇಟಿನ ಮಾತು ಮಾವನೇ ಆಡ್ಲಿ. ನಿಮ್ಮ ಕೆಲಸ ಗಾಡಿ ನೋಡೋದು. ನಮ್ಮ ಕಡೆ ಮಳೇಲಿ ಓಡಿದ ಕೆಎ 18 (ಚಿಕ್ಕಮಗಳೂರು), ಕೆಎ 46 (ಸಕಲೇಶಪುರ) ನಂಬರಿನ ಗಾಡಿ ಆದ್ರೆ ಬಗ್ಗಿ ತಳ ನೋಡಿ, ಬಾಗಿಲ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಮ್ಯಾಟ್ ಎತ್ತಿ ನೆಲ, ತುಕ್ಕು ಮೊದ್ಲು ಅಲ್ಲೇ ಕೂರೋದು. ಇಂಜಿನ್ ತಣ್ಣಗಿರುವಾಗ್ಲೇ ಸ್ಟಾರ್ಟ್ ಮಾಡಿಸಿ, ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ ಅಂತ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರದ ಟೈರು. ಮೀಟರಲ್ಲಿ 40 ಸಾವಿರ ಇದ್ದು ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ರೆ ಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಹತ್ತಿರದ ಘಾಟಿ ರಸ್ತೇಲಿ ಒಂದು ಏರು ಹತ್ತಿಸಿ, ಕ್ಲಚ್ ಜಾರಿದ್ರೆ ಅಲ್ಲೇ ಗೊತ್ತಾಗುತ್ತೆ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಗೆ ಇಳಿದಿದೆ, ಹೊಸದರ ರೇಟೇ ಇಳಿದ ಮೇಲೆ ಹಳೇದಕ್ಕೆ ಹಳೇ ರೇಟು ಹೇಳೋನ ಹತ್ರ ಚೌಕಾಸಿ ಮಾಡೋಕೆ ಮಾವನಿಗೆ ಒಳ್ಳೆ ಮಾತು ಸಿಕ್ಕಂಗಾಯ್ತು.

ಹೊರಡೋ ಮುಂಚೆ ಇಷ್ಟು ಹೇಳಿಬಿಡಿ: "ಮಾವ, ನಾನು ಜೊತೆಗೆ ಬರ್ತೀನಿ, ಗಾಡೀಲಿ ಏನಿದೆ ಏನಿಲ್ಲ ಅಂತ ಹೇಳ್ತೀನಿ, ಬೇಕು ಬೇಡ ಅನ್ನೋದು ನಿಮ್ಮ ಬಾಯಿಂದಾನೇ ಬರ್ಲಿ." ಅವ್ರು ಮೂರನ್ನೂ ಬೇಡ ಅಂದ್ರೂ ನೀವು ಬೇಜಾರಾಗ್ಬೇಡಿ, ವಾಪಸ್ ಬರೋವಾಗ ಕಾರಲ್ಲಿ ಸುಮ್ನೆ ಬನ್ನಿ, ಅವ್ರೇ ಮಾತು ತೆಗೀತಾರೆ.

ಪ್ರಶ್ನೆ: ನಮ್ಮ ಹಳೇ ಆಲ್ಟೋನ ತಿಂಗಳ ಹಿಂದೆ ಪರಿಚಯದೋರೊಬ್ರಿಗೆ ಮಾರಿದ್ವಿ. ಓಡಿಸಿ, ಮೆಕ್ಯಾನಿಕ್ಕಿಗೆ ತೋರಿಸಿಯೇ ತಗೊಂಡ್ರು. ಈಗ ಏಸಿ ಕೆಟ್ಟಿದೆ, ರಿಪೇರಿ ದುಡ್ಡು ನೀವೇ ಕೊಡಿ ಅಂತಿದಾರೆ. ಹೆಸರೂ ಇನ್ನೂ ಬದಲಾಯಿಸ್ಕೊಂಡಿಲ್ಲ. ಕೊಡ್ಬೇಕಾ ಮೇಡಂ/ಸರ್?
(ಓದುಗರು, ಚಿಕ್ಕಮಗಳೂರು)

ಉತ್ತರ: ಏಸಿ ಕೆಟ್ಟಿದ್ದು ಗೊತ್ತಿದ್ದೂ ಮುಚ್ಚಿಟ್ಟು ಮಾರಿದ್ರೆ ಕೊಡೋದು ನ್ಯಾಯ. ಮಾರೋವಾಗ ಚೆನ್ನಾಗಿತ್ತು, ಅವ್ರೂ ನೋಡಿಯೇ ತಗೊಂಡ್ರು ಅಂದ್ರೆ ಕೊಡಬೇಕಾಗಿಲ್ಲ, ಹಳೇ ಗಾಡೀಲಿ ಇವತ್ತಿದ್ದದ್ದು ನಾಳೆ ಇರುತ್ತೆ ಅಂತ ಯಾರೂ ಬರ್ಕೊಡೋಕಾಗಲ್ಲ.

ನನಗೆ ಗಾಬರಿ ಆಗ್ತಿರೋದು ಏಸಿಗಲ್ಲ, ಹೆಸರು ಬದಲಾಗಿಲ್ಲ ಅಂದ್ರಲ್ಲ ಅದಕ್ಕೆ. ರಾಜ್ಯದೊಳಗೆ ಮಾರಿದ್ರೆ ಮಾರಿದೋರು 14 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು, ಕೊಂಡೋರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸ್ಕೋಬೇಕು ಅಂತ ಕಾನೂನಿದೆ. ನಾಳೆ ಅವ್ರು ಯಾರಿಗಾದ್ರೂ ಗುದ್ದಿದ್ರೆ ಆರ್‌ಸಿಲಿ ಹೆಸರಿರೋದು ನಿಮ್ದು, ಆರ್‌ಸಿಲಿ ಹೆಸರಿರೋರೇ ಓನರ್, ಪರಿಹಾರದ ಹೊಣೆ ಅವ್ರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಏಸಿ ಮಾತನ್ನ ಪಕ್ಕಕ್ಕಿಡಿ. ಮಾರಿದ ದಿನಾಂಕ, ಗಂಟೆ, ಮೀಟರ್ ರೀಡಿಂಗ್ ಬರೆದು ಇಬ್ಬರೂ ಸಹಿ ಹಾಕಿದ ಚೀಟಿ ಇದೆಯಾ ನೋಡಿ, ಇಲ್ಲದಿದ್ರೆ ಈಗ್ಲಾದ್ರೂ ಮಾಡಿಸ್ಕೊಳ್ಳಿ. ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ, ಅವ್ರನ್ನೂ ಕರ್ಕೊಂಡು ಈ ವಾರಾನೇ ಆರ್‌ಟಿಓ ಆಫೀಸಿಗೆ ಹೋಗಿ.